ನಮ್ಮ ಕ್ಲಬ್ಬಿನ ಏಳೆಸಳು

ಹೊಂಗೆ ಕ್ಲಬ್ಬಿನ ಫುಟ್‌ಬಾಲ್ ಪಂದ್ಯ ಈಗ ಟೀವಿಯಲ್ಲಿ ಬರುತ್ತದೆ. ಸಂಬಳಕ್ಕೆ ಆಡುವ ಆಟಗಾರರಿದ್ದಾರೆ, ಗೆದ್ದ ಕಪ್ಪುಗಳಿಗೆ ಒಂದು ಗಾಜಿನ ಬೀರು ಸಾಲದೆ ಎರಡನೆಯದನ್ನು ಮಾಡಿಸಿದ್ದಾರೆ. ನಾನು ಹೇಳಹೊರಟಿರುವುದು ಆ ಕ್ಲಬ್ಬಿಗೆ ಒಂದೇ ಒಂದು ಚೆಂಡಿದ್ದ, ಆ ಚೆಂಡು ನಮ್ಮ ಅಡುಗೆಮನೆಯ ರಾಗಿ ಚೀಲದ ಮೇಲೆ ಮಲಗುತ್ತಿದ್ದ ದಿನಗಳ ಮಾತು.

ಆಗ ನನಗೆ ಹತ್ತು ವರ್ಷ. ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ ನಮ್ಮ ಮನೆ. ಅಪ್ಪ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದ, ಶಿಫ್ಟ್ ಮುಗಿದ ಮೇಲೆ ಗೋಲ್ ಕಾಯುತ್ತಿದ್ದ. ತಂಡದಲ್ಲಿ ಮಂಡ್ಯ, ಹಾಸನದಿಂದ ಕೆಲಸ ಹುಡುಕಿ ಬಂದವರಿದ್ದರು, ರಾಯಕೋಟೆ ಕಡೆಯ ತಮಿಳರಿದ್ದರು, ತೆಲುಗು ಮನೆಮಾತಿನ ನಮ್ಮ ಬೀದಿಯವರೇ ಇದ್ದರು. ಪಾಸ್ ತಪ್ಪಿದರೆ ಮೂರು ಭಾಷೆಯಲ್ಲೂ ಬೈಗುಳ ಬೀಳುತ್ತಿತ್ತು. ನನ್ನ ತಮಿಳು ಇವತ್ತಿಗೂ ಸ್ವಲ್ಪ ಒರಟು ಎನ್ನುತ್ತಾರೆ, ಅದನ್ನು ನಾನು ಕಲಿತದ್ದೇ ಅಲ್ಲಿ.

ಆಡುತ್ತಿದ್ದದ್ದು ನಮ್ಮ ಅಜ್ಜಿಯ ಹೊಲದಲ್ಲಿ. ಎರಡು ವರ್ಷ ಮೇಲಿಂದ ಮೇಲೆ ಸಾನಮಾವು ಕಾಡಿನಿಂದ ಆನೆಗಳು ಬಂದು ತೆನೆ ಕಟ್ಟಿದ ರಾಗಿಯನ್ನು ಮೇಯ್ದು ಹೋಗಿದ್ದವು. ಅಜ್ಜಿಗೆ ರೋಸಿ ಹೋಗಿತ್ತು. "ಆನೆ ತುಳಿಯೋ ಬದ್ಲು ನಮ್ಮ ಹುಡುಗ್ರೇ ತುಳೀಲಿ ಬುಡು" ಎಂದು ಹೊಲವನ್ನು ಬಿಟ್ಟುಕೊಟ್ಟಳು. ಬದುವಿನ ಮೇಲೆ ದೊಡ್ಡ ಹೊಂಗೆ ಮರ, ಅದರ ನೆರಳಲ್ಲಿ ಆಟಗಾರರ ಚಪ್ಪಲಿಗಳು. ಕ್ಲಬ್ಬಿಗೆ ಹೆಸರು ಬಂದದ್ದೂ ಆ ಮರದಿಂದಲೇ.

ಆ ವರ್ಷ ಅವರೆಕಾಯಿ ಶುರುವಾಗುವ ಹೊತ್ತಿಗೆ ಒಂದು ಕಾಗದ ಬಂತು. ಜಿಲ್ಲಾ ಲೀಗಿಗೆ ನಮ್ಮ ತಂಡವನ್ನು ಸೇರಿಸಿಕೊಳ್ಳುತ್ತಾರಂತೆ, ಆದರೆ ಅಳತೆ ಸರಿಯಿರುವ ಸ್ವಂತ ಮೈದಾನ ಇರಬೇಕಂತೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೃಷ್ಣಗಿರಿಯಿಂದ ಒಬ್ಬರು ಬಂದು ನೋಡುತ್ತಾರಂತೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅಷ್ಟು ಹೊತ್ತಿಗೆ ತಂಡ ಉಳಿಯುವುದಿಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ನಮ್ಮ ನಾಲ್ಕು ಜನ ಒಳ್ಳೆಯ ಆಟಗಾರರಿಗೆ ಬೇರೆ ತಂಡದವರು ಆಗಲೇ ಗಾಳ ಹಾಕಿದ್ದರು.

ಶನಿವಾರ ಸಂಜೆ ಎಲ್ಲರೂ ಸೇರಿ ಸುಣ್ಣದ ಗೆರೆ ಎಳೆದರು. ಅಪ್ಪ ರಾತ್ರಿ ಪಾಳಿಗೆ ಹೋದ. ಬೆಳಿಗ್ಗೆ ಏಳಕ್ಕೆ ಸೈಕಲ್ ಇಳಿದವನು ಹೊಲದ ಬದುವಿನ ಮೇಲೆ ಹಾಗೇ ನಿಂತುಬಿಟ್ಟ. ನಸುಕಿನಲ್ಲಿ ಸುರಿದ ಮಳೆಗೆ ಒಂದು ಗೆರೆಯೂ ಉಳಿದಿರಲಿಲ್ಲ. ಮರದ ಕೆಳಗಿದ್ದ ಸುಣ್ಣದ ಚೀಲ ನೆನೆದು ಮುದ್ದೆಯಾಗಿತ್ತು.

"ಮುಗೀತು, ಎಲ್ಲಾ ಹೋಗ್ಬುಡ್ತು" ಎಂದ ಅಪ್ಪ. ಅವನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

ಅಜ್ಜಿ ಮನೆಬಾಗಿಲಿಗೆ ರಂಗೋಲಿ ಹಾಕುತ್ತಿದ್ದವಳು ಹಾಗೇ ಎದ್ದು ಬಂದಳು. ಕೈಯಲ್ಲಿ ಪುಡಿಯ ಡಬ್ಬಿ ಇನ್ನೂ ಇತ್ತು.

"ಏನ್ಲಾ ಹಂಗ್ ನಿಂತಿದ್ದೀಯ? ಗೆರೆ ತಾನೇ?"

"ನೂರಾರು ಮಾರು ಗೆರೆ ಕಣಮ್ಮಾ, ನಿನ್ ಬಾಗ್ಲು ಮುಂದಿಂದಲ್ಲ."

"ನೀನ್ ಹಗ್ಗ ಹಿಡಿ. ಗೆರೆ ಎಳಿಯೋದು ನಮಗ್ ಹೇಳ್ಕೊಡ್ಬೇಕೇನ್ಲಾ?"

ನಾನು ಬೀದಿಯ ಮನೆಮನೆಗೆ ಓಡಿದೆ. ಹಿತ್ತಲಲ್ಲಿ ಬೇಯುತ್ತಿದ್ದ ಅವರೆಕಾಳನ್ನು ಒಲೆಯ ಮೇಲೇ ಬಿಟ್ಟು ಹೆಂಗಸರು ಬಂದರು. ಒಬ್ಬೊಬ್ಬರ ಕೈಯಲ್ಲೂ ರಂಗೋಲಿ ಪುಡಿಯ ಬಕೆಟ್ಟು, ಡಬ್ಬಿ, ಹರಿದ ಚೀಲ. ಗಂಡಸರು ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದರು, ಹೆಂಗಸರು ಸೆರಗು ಸಿಕ್ಕಿಸಿ ಬಗ್ಗಿ ಹಗ್ಗದ ಪಕ್ಕದಲ್ಲೇ ಪುಡಿ ಬಿಡುತ್ತ ಹಿಂದಕ್ಕೆ ಹಿಂದಕ್ಕೆ ನಡೆದರು. ಒದ್ದೆ ಮಣ್ಣಿನ ಮೇಲೆ ಬಿಳಿಗೆರೆ ಎದ್ದು ಕಾಣುತ್ತಿತ್ತು. ಆ ಮಣ್ಣಿನ ವಾಸನೆ, ನಮ್ಮ ಬೆರಳುಗಳ ಅವರೆಸೊಗಡು, ಎರಡೂ ನನಗೆ ಈಗಲೂ ಒಟ್ಟಿಗೇ ನೆನಪಾಗುತ್ತವೆ.

ನಡುವಿನ ದೊಡ್ಡ ಸುತ್ತನ್ನು ಅಪ್ಪ ಅಜ್ಜಿಗೆ ಒಪ್ಪಿಸಿದ. ಮಧ್ಯೆ ಗೂಟ ಹೊಡೆದು, ಹತ್ತು ಗಜದ ಹಗ್ಗ ಕಟ್ಟಿಕೊಟ್ಟು, ತಾನು ಗೋಲಿನ ಕಡೆ ಹೋದ. ಹಗ್ಗದ ತುದಿ ಹಿಡಿದು ತಿರುಗಿದ್ದು ನಾನು, ಪುಡಿ ಬಿಟ್ಟದ್ದು ಅಜ್ಜಿ. ಸುತ್ತು ಮುಗಿಯಿತು, ಗೂಟ ಕಿತ್ತು ಅಲ್ಲೊಂದು ಚುಕ್ಕಿಯನ್ನೂ ಇಟ್ಟಾಯಿತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದಳು. ಬರೀ ಸುತ್ತು ಹಾಕಿ ಒಳಗೆ ಬೋಳಾಗಿ ಬಿಡುವುದು ಅವಳ ಜಾಯಮಾನದಲ್ಲಿ ಇಲ್ಲ. ಕುಕ್ಕರುಗಾಲಲ್ಲಿ ಕೂತು ಚುಕ್ಕಿಯ ಸುತ್ತ ಹೂವಿನ ಎಸಳು ಬಿಡಿಸತೊಡಗಿದಳು. ನನಗೂ ಅದು ತಪ್ಪು ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ.

ಏಳು ಎಸಳಾಗಿ ಎಂಟನೆಯದರ ಜಾಗ ಇನ್ನೂ ಖಾಲಿಯಿತ್ತು, ಬದುವಿನಾಚೆ ಬೈಕಿನ ಸದ್ದು ಕೇಳಿತು. ಅಪ್ಪ ಆ ಕಡೆಯಿಂದ ಓಡಿ ಬಂದು ತಲೆ ಚಚ್ಚಿಕೊಂಡ. "ಅಯ್ಯೋ, ಏನಮ್ಮಾ ಮಾಡ್ಬುಟ್ಟೆ! ಇದು ಫುಟ್‌ಬಾಲು ಕಣಮ್ಮಾ!"

ಅಷ್ಟರಲ್ಲಿ ಕೃಷ್ಣಗಿರಿಯ ಸಾಹೇಬರು ಟೇಪು ಹಿಡಿದು ಒಳಗೆ ಬಂದೇಬಿಟ್ಟರು. ಮೂಲೆ ಅಳೆದರು, ಗೋಲು ಅಳೆದರು. ನಡುವಿಗೆ ಬಂದು ಹೂವಿನ ಮುಂದೆ ನಿಂತರು.

"ಇದು ಯಾರ್ ಪೋಟ್ಟದು?" ಯಾರು ಹಾಕಿದ್ದು ಎಂದು ತಮಿಳಿನಲ್ಲಿ ಕೇಳಿದರು.

"ನಾನೇ ಸಾಮಿ" ಎಂದಳು ಅಜ್ಜಿ. ಹೆದರಿಕೆಯೇನೂ ಇರಲಿಲ್ಲ ಅವಳಿಗೆ. ಹೆದರಿದ್ದವನು ಅಪ್ಪ.

ಸಾಹೇಬರು ಚುಕ್ಕಿಯ ಮೇಲೆ ಟೇಪಿನ ತುದಿ ಇಡಲು ನನಗೆ ಹೇಳಿ, ತಾವು ಗೆರೆಯವರೆಗೆ ಹೋಗಿ ಅಳೆದರು. ಇನ್ನೊಂದು ಕಡೆ ಅಳೆದರು. ಎಂಟು ಕಡೆ ಅಳೆದರು. ಆಮೇಲೆ ಅಪ್ಪನಿಗೆ ತಮ್ಮ ಹರಕು ಕನ್ನಡದಲ್ಲಿ ಹೇಳಿದ ಮಾತನ್ನು ನಮ್ಮ ಬೀದಿ ಎಷ್ಟೋ ವರ್ಷ ಆಡಿಕೊಂಡಿತು: "ಜಿಲ್ಲೆಯಲ್ಲಿ ಎಲ್ಲಾ ಗ್ರೌಂಡ್ ನೋಡಿದೀನಿ. ಎಲ್ಲಾ ಕಡೆ ಸುತ್ತು ಆಲೂಗಡ್ಡೆ. ಇದು ಒಂದೇ ಸುತ್ತು, ಸುತ್ತು." ಕಾಗದಕ್ಕೆ ಸಹಿ ಹಾಕಿದರು. ಹೂವನ್ನು ಮಾತ್ರ ಅಳಿಸಿಬಿಡಿ, ಚುಕ್ಕಿ ಇರಲಿ ಅಂದರು.

ಗಂಡಸರು ಅಪ್ಪನನ್ನು ಎತ್ತಿ ಕುಣಿಸುತ್ತಿದ್ದಾಗ ಅಜ್ಜಿ ತಾನೇ ಬಗ್ಗಿ ಅಂಗೈಯಿಂದ ಹೂವನ್ನು ಸವರಿ ಅಳಿಸಿದಳು. ನಾನು ಗೊಳೋ ಎಂದು ಅತ್ತೆ.

"ಅದ್ಯಾಕ್ ಅಳ್ತೀಯೇ? ಬಾಗ್ಲು ಮುಂದಿಂದು ದಿನಾ ಅಳಿಸ್ ಹೋಗಲ್ವಾ? ನಾಳೆ ಇನ್ನೊಂದ್ ಹಾಕಿದ್ರಾಯ್ತು."

ನನ್ನ ಸಿಟ್ಟು ಇಳಿಯಲಿಲ್ಲ. ಮನೆಗೆ ಹೋಗಿ ಲೆಕ್ಕದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಹೂವನ್ನು ನೋಡಿದ ಹಾಗೆಯೇ ಬರೆದೆ, ಏಳೇ ಎಸಳು. ಅಮ್ಮ ಅದನ್ನು ನೋಡಿಕೊಂಡು ಹನ್ನೊಂದು ಅಂಗಿಗೂ ಹಸಿರು ದಾರದಲ್ಲಿ ಕಸೂತಿ ಹಾಕಿದಳು. ಲೀಗಿನ ಮೊದಲ ಪಂದ್ಯಕ್ಕೆ ನಮ್ಮವರು ಆ ಹೂವನ್ನು ಎದೆಯ ಮೇಲಿಟ್ಟುಕೊಂಡು ಇಳಿದರು. ಬದುವಿನ ಮೇಲೆ ಕೂತಿದ್ದ ಅಜ್ಜಿ, ಚೆಂಡು ಎಲ್ಲಿದ್ದರೂ, ಅಂಗಿಗಳನ್ನೇ ನೋಡುತ್ತಿದ್ದಳು.

ಆಮೇಲಿನದು ಎಲ್ಲರಿಗೂ ಗೊತ್ತು. ಮೂರನೇ ವರ್ಷ ಜಿಲ್ಲೆ ಗೆದ್ದೆವು, ಆಮೇಲೆ ರಾಜ್ಯದ ಲೀಗು, ಆಮೇಲೆ ಸಂಬಳದ ದೊಡ್ಡ ಆಟ. ದುಡ್ಡಿದ್ದ ದೊಡ್ಡವರು ಕ್ಲಬ್ಬನ್ನು ಕೊಂಡ ವರ್ಷ ಲಾಂಛನವನ್ನು ಹೊಸದಾಗಿ ಬರೆಸಿ, ಎಲ್ಲ ಕಡೆ ಸಮ ಇರಲೆಂದು ಎಂಟು ಎಸಳು ಮಾಡಿದರು. ನಿವೃತ್ತನಾಗಿ ಮನೆಯಲ್ಲಿದ್ದ ಅಪ್ಪ ನನ್ನ ಹಳೆಯ ನೋಟುಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಅವರ ಆಫೀಸಿಗೆ ಹೋದ. ಮೂರು ದಿನ ಹೋಗಿ ಕೂತ. ನಾಲ್ಕನೇ ದಿನ ಅವರೇ ಸೋತು ಏಳು ಮಾಡಿದರು. ಅಪ್ಪ ಅಷ್ಟು ಬೀಗಿದ್ದನ್ನು ಯಾವ ಕಪ್ಪು ಗೆದ್ದಾಗಲೂ ನಾನು ಕಂಡಿರಲಿಲ್ಲ.

ಅಜ್ಜಿ ಈಗಿಲ್ಲ. ಹೊಲವಿದ್ದ ಜಾಗದಲ್ಲಿ ಗೋದಾಮು ಎದ್ದಿದೆ, ಹೊಂಗೆ ಮರ ರಸ್ತೆಗೆ ಹೋಯಿತು. ಹೆಂಗಸರು ಒಲೆಯ ಮೇಲಿನ ಕಾಳು ಬಿಟ್ಟು ಓಡಿಬಂದ ಆ ಬೀದಿಯಲ್ಲಿ ಈಗ ಪಕ್ಕದ ಮನೆಯವರ ಹೆಸರು ನನಗೆ ತಿಳಿಯದು. ಮೈದಾನದ ಗೆರೆಯನ್ನು ಗಾಲಿಯ ಮೆಷೀನು ಎಳೆಯುತ್ತದೆ, ಮಳೆ ಬಂದರೂ ಹೋಗುವುದಿಲ್ಲ.

ಹೋದ ತಿಂಗಳು ಅಪ್ಪನನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಎಲ್ಲಿ ನೋಡಿದರೂ ಆ ಹೂವಿನ ಅಂಗಿಗಳು. ಹಿಂದಿನ ಸಾಲಿನಲ್ಲಿ ಒಬ್ಬ ಪುಟ್ಟ ಹುಡುಗ ತನ್ನ ಎದೆಯ ಮೇಲಿನ ಎಸಳು ಎಣಿಸಿ, ಇಲ್ಲೊಂದು ಬಿದ್ದುಹೋಗಿದೆ ಎಂದು ತಾಯಿಗೆ ತೋರಿಸುತ್ತಿದ್ದ.

ಅಪ್ಪ ಹಿಂದಕ್ಕೆ ತಿರುಗಿದ. "ಬಿದ್ದಿಲ್ಲ ಕಣ್ಲಾ ಮರಿ" ಎಂದ. "ನಮ್ಮಮ್ಮ ಅದೊಂದ್ ಹಾಕೋಷ್ಟ್ರಲ್ಲಿ ಸಾಹೇಬ್ರು ಬಂದ್ಬುಟ್ರು."