ಆಡು ತಿಂದ ನೂಲು

ಗುಳೇದಗುಡ್ಡದಲ್ಲಿ ಬಾದಾಮಿ ಬಸ್ಸಿಗೆ ಕಾಯುತ್ತ ಚರ್ಚಿನ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದೆ. ಚರ್ಚಿನ ಮೆಟ್ಟಿಲ ಮೇಲೆ ನೇಕಾರ ಮುದುಕಿ ರೂತವ್ವ ತನ್ನ ನೆಗೆಣ್ಣಿ ಮಾರ್ತವ್ವನನ್ನು ತಡೆದು ನಿಲ್ಲಿಸಿದ್ದಳು.

“ಮಾರ್ತವ್ವನ ಆಡು ರೂತವ್ವನ ಮಗ್ಗದ ನೂಲು ತಿಂದೈತ್ರಿ. ಅವತ್ತಿಂದ ಮಾತಿಲ್ಲ,” ಎಂದ ಚಹಾದವನು. “ಇವತ್ತ ಚರ್ಚಿನಾಗ ಕರ್ತನ ಭೋಜನ. ಮುನಿಸು ಇಟ್ಕೊಂಡು ಆ ಪ್ರಸಾದದ ರೊಟ್ಟಿ ಮುಟ್ಟಂಗಿಲ್ರಿ.”

“ಬಾಯಿಗೆ ಬಂದಂಗ ಬೈದೀನಿ, ಮನ್ನಿಸವ್ವಾ,” ಎಂದಳು ರೂತವ್ವ.

“ತಿಂದದ್ದು ನನ್ನ ಆಡು. ನೀ ಯಾಕ ಕೇಳ್ತಿ ಯಕ್ಕಾ?”

“ಪಾಪ ಇಲ್ಲದಾಂವ ಯೇಸುಸ್ವಾಮಿ ಒಬ್ಬನ. ಮನ್ನಿಸೀನಿ ಅಂತ ಲಗೂ ಹೇಳು, ಗಂಟಿ ಆತು.”

ನಮ್ಮ ಮನೆತನದ ಮೊದಲ ಬಿ.ಎ. ನಾನು, ಬದುವಿನ ಜಗಳ ಕೇಳುತ್ತಲೇ ಓದಿದವನು. ನಷ್ಟವಾದವರೇ ಕ್ಷಮೆ ಕೇಳಿದ್ದನ್ನು ಎಲ್ಲೂ ಕಂಡಿರಲಿಲ್ಲ.

“ನಾ ಮೊದ್ಲ ಕೇಳಬೇಕಂತಿದ್ದೆ, ಅದನ್ನೂ ಕಸ್ಗೊಂಡ್ಯಲ್ಲ!” ಎಂದು ಮಾರ್ತವ್ವ ಅಳುತ್ತಲೇ ನಕ್ಕು, ಅಕ್ಕನ ಕೈ ಹಿಡಿದು ಒಳಗೆ ಹೋದಳು. ಹಿಂದೆಯೇ ಬಂದಿದ್ದ ಆಡು ಹೊಸ್ತಿಲು ದಾಟಹೊರಟಿತು. ಓಡಿಹೋಗಿ ಅದರ ಕೊರಳ ಹಗ್ಗ ಹಿಡಿದುಕೊಂಡೆ.

ಬಾದಾಮಿ ಬಸ್ಸು ಬಂದು ಹೋದಾಗ ಆಡಿನ ಹಗ್ಗ ನನ್ನ ಕೈಯಲ್ಲೇ ಇತ್ತು.