ಮೇಷ್ಟ್ರು ಕೂತ ಒಲೆ

ನಮ್ಮ ಮೇಷ್ಟ್ರ ಬಲಗೈ ಬೆರಳುಗಳ ತುದಿ ಸದಾ ಬಿಳಿಚಿಕೊಂಡು ನೆರಿಗೆಗಟ್ಟಿರುತ್ತಿತ್ತು. ಮೇಲೂರಿನ ಮನೆಯಲ್ಲಿ ದಿನಾ ಬೆಳಿಗ್ಗೆ ತಾಯಿಯ ಪಕ್ಕ ಕೂತು, ಬಿಸಿನೀರಲ್ಲಿ ಕೈಯಾಡಿಸಿ, ಗೂಡಿನಿಂದ ರೇಷ್ಮೆ ನೂಲು ತೆಗೆದೇ ಅವರು ಕಾಲೇಜಿಗೆ ಬರುತ್ತಿದ್ದದ್ದು. ಅದೇ ಬೆರಳಲ್ಲಿ ಸೀಮೆಸುಣ್ಣ ಹಿಡಿದು ನಮಗೆ ಶಾಖದ ಲೆಕ್ಕ ಕಲಿಸುತ್ತಿದ್ದರು.

ಎಂಬತ್ತರ ದಶಕದ ಕೊನೆ. ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮಗೆ ಪರಿಸರ, ಸುಸ್ಥಿರತೆ ಅನ್ನುವ ಪಾಠವೇ ಇರಲಿಲ್ಲ. ಮೇಷ್ಟ್ರು ಬಿಡಬೇಕಲ್ಲ! ಪ್ರಾಜೆಕ್ಟ್ ಅಂತ ನಮ್ಮನ್ನು ಬಸ್ಸು ಹತ್ತಿಸಿ ಶಿಡ್ಲಘಟ್ಟಕ್ಕೆ ಕರೆದೊಯ್ದು, ಗೂಡು ಬೇಯಿಸುವ ಒಲೆಗಳ ಮುಂದೆ ನಿಲ್ಲಿಸಿದರು.

"ಗುಡ್ಡದ ಮರನೆಲ್ಲ ಈ ಒಲೆಗಳೇ ತಿಂತಾ ಅವೆ ಕಣ್ರಪ್ಪ. ಅರ್ಧ ಸೌದೇಲಿ ಉರಿಯೋ ಒಲೆ ಮಾಡಿ, ನೋಡಣ."

ಅವರದೊಂದು ಕಟ್ಟಳೆಯಿತ್ತು. ವಿದ್ಯಾರ್ಥಿಗಳು ಕಟ್ಟಿದ ಒಲೆಯ ಮುಂದೆ ನೂಲು ತೆಗೆಯುವ ಹೆಂಗಸರು ಮೊದಲು ಕೂರುವಂತಿಲ್ಲ. ಒಂದು ಇಡೀ ದಿನ ಮೇಷ್ಟ್ರೇ ಕೂರಬೇಕು. "ಸೌದೆ ಉಳಿಸ್ತೀರ, ಸರಿ. ಕೂತೋರು ಉಳೀತಾರಾ, ಅದನ್ನೂ ನೋಡ್ಬೇಕಲ್ಲ?" ಅನ್ನುತ್ತಿದ್ದರು.

ನಮ್ಮ ಒಲೆಯ ಹೊಗೆಕೊಳವೆ ನನ್ನ ಪಾಲಿನ ಕೆಲಸ. ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗುವ ಆತುರದಲ್ಲಿ ಲೆಕ್ಕವನ್ನೇ ಹಾಕದೆ, ಅಂದಾಜಿಗೆ ಒಂದು ಅಳತೆ ಬರೆದುಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರಿಗೆ ಉಬ್ಬಸ ಇದ್ದದ್ದು ಕಾಲೇಜಿಗೆಲ್ಲ ಗೊತ್ತು. ಅವರು ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕೂತರು. ಹೊಗೆ ಸಣ್ಣಗೆ ಹಿಂದಕ್ಕೆ ಬರತೊಡಗಿತು. ಕೆಮ್ಮಿದರು. ಮತ್ತೆ ಕೆಮ್ಮಿದರು. ಹೇಳಿದರೆ ಮಾನ ಹೋಗುತ್ತದೆ, ಪ್ರಾಜೆಕ್ಟೂ ಹೋಗುತ್ತದೆ, ಹೇಳದಿದ್ದರೆ?

ಪಕ್ಕದ ಒಲೆಯ ಹೆಂಗಸು ಕೂಗಿಕೊಂಡಳು: "ಅಯ್ಯಯ್ಯೋ, ಸಾರ್ ಮುಖ ನೋಡ್ರಮ್ಮ, ಕಪ್ಪಿಟ್ಟೋಯ್ತು!"

ಆಗ ಕಿರುಚಿದೆ: "ಏಳಿ ಸಾರ್, ಎದ್ಬಿಡಿ! ನಾನು ಲೆಕ್ಕಾನೇ ಮಾಡಿಲ್ಲ!"

ಜೊತೆಯ ಹುಡುಗರಿಬ್ಬರು ಅವರನ್ನು ಹಿಡಿದು ಹೊರಗೆ ತಂದು ಜಗಲಿಯ ಮೇಲೆ ಕೂರಿಸಿದರು. ಮುಂದಕ್ಕೆ ಬಾಗಿ, ಸಿಳ್ಳೆಯಂಥ ಸದ್ದಿನಲ್ಲಿ ಉಸಿರೆಳೆದುಕೊಳ್ಳುತ್ತಿದ್ದರು. ಸತ್ತೇ ಹೋಗುತ್ತಾರೇನೋ ಅಂದುಕೊಂಡು ನಾನು ನೋಟ್‌ಬುಕ್ಕಿನಿಂದ ಗಾಳಿ ಬೀಸುತ್ತಿದ್ದೆ. ಪುಣ್ಯಾತ್ಮ, ಬೈಯಲಿಲ್ಲ. "ಲೆಕ್ಕ ಮಾಡಿ ಕಟ್ಟಮ್ಮ. ಈ ಸಲ ನೀನು ಕೂತ್ಕೋ," ಅಂದರು.

ಹದಿನೈದು ದಿನದ ಮೇಲೆ ಕೂತೆ. ನೂರು ಸಲ ಲೆಕ್ಕ ತಿದ್ದಿದ್ದರೂ ಕೊಳವೆಯ ಕಡೆಗೇ ನೋಡುತ್ತಿದ್ದೆ.

"ಹೆದರಿಕೆ ಆಗ್ತಿದೆ ಸಾರ್."

"ಆಗ್ಲಿ ಬಿಡಮ್ಮ. ಹೆದರಿಕೆ ಇಲ್ದೋರು ಇನ್ನೊಬ್ರಿಗೆ ಒಲೆ ಕಟ್ಟಬಾರ್ದು."

ಹೊಗೆ ಬರಲಿಲ್ಲ. ಸೌದೆ ಅರ್ಧವೇನೂ ಉಳಿಯಲಿಲ್ಲ, ಒಂದಿಷ್ಟು ಉಳಿಯಿತು. ಮೇಷ್ಟ್ರಿಗೆ ಅಷ್ಟಕ್ಕೇ ಹಿಗ್ಗು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರೆಂದು ತಿಳಿದು ಮೇಲೂರಿಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಮೊದ್ಲು ಮಳೆಗಾಲದಲ್ಲಿ ಮಾತ್ರ ಉಸಿರು ಕಟ್ತಿತ್ತಮ್ಮ. ಆಮೇಲೆ ವರ್ಷ ಪೂರ್ತಿ ಶುರುವಾಯ್ತು," ಅಂದರು.

ಯಾವ ವರ್ಷದಿಂದ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಮೇಷ್ಟ್ರ ಹೆಂಡತಿ ಇನ್ನೂ ಅದೇ ಮನೆಯಲ್ಲಿದ್ದಾರೆ. ಮೇಲೂರಿಗೆ ಹೋಗಬೇಕಾಗಿ ಬಂದರೆ ನಾನು ಆ ಬೀದಿ ಬಿಟ್ಟು ಸುತ್ತಿ ಬರುತ್ತೇನೆ.