ಗ್ವಾಡಿ ಬಡಿಯೋ ಲಟ್ಟಣಿಗಿ

ನಮ್ಮ ಉಣಕಲ್ ಓಣ್ಯಾಗ ಆಗ ನಳದ ನೀರು ವಾರಕ್ಕೊಮ್ಮೆ ಬರತಿತ್ತು, ಅದೂ ತನ್ನ ಮರ್ಜಿ ಬಂದಾಗ. ಯಾರ ಮನಿ ನಳ ಮೊದಲ ಸದ್ದು ಮಾಡತಿತ್ತೋ, ಅವರು ಬಾಜೂ ಮನಿ ಗ್ವಾಡಿ ಬಡೀಬೇಕು. ಬಡೀಲಿಲ್ಲ ಅಂದ್ರ ಮುಂದಿನ ನೀರು ಬರೋತನಕ ಮಾತು ಬಂದ್. ನಮ್ಮವ್ವ ಲಟ್ಟಣಿಗೀಲೆ ಎರಡು ಸಲ ಬಡದು, ಚೂರು ತಡದು, ಮತ್ತೊಮ್ಮೆ ಬಡೀತಿದ್ಲು. ಬಾಜೂ ಮನಿ ಕಾಕು ಆ ಕಡಿಯಿಂದ "ಬಂದೆ, ತಡಿ" ಅಂದು ಕೊಡಾ ಹಿಡಕೊಂಡು ನಮ್ಮ ನಳಕ್ಕ ಬರತಿದ್ಲು. ಕೊಡಾ ತುಂಬೂದು ಅರ್ಧ ತಾಸು, ಕಟ್ಟಿಮ್ಯಾಗ ಕುಂತು ಮಾತು ಹೊತ್ತು ಮುಳುಗೋತನಕ.

ಆಮ್ಯಾಲೆ ಪರದೇಶದವರೂ ನಮ್ಮ ಸರ್ಕಾರದವರೂ ಕೂಡಿ ಹೊಸಾ ಪೈಪ್ ಹಾಕಿಸಿದ್ರು. ಹಗಲೂ ರಾತ್ರಿ ನೀರು. ಆಗ ಬಂದ ಸಾಹೇಬ್ರು ಪಾಠಾ ಹೇಳತಿದ್ರು: ನಳಾ ಬಂದ್ ಮಾಡ್ರಿ, ತುಂಬಿಟ್ಟ ನಿನ್ನಿ ನೀರು ಚೆಲ್ಲಬ್ಯಾಡ್ರಿ. ಇಂಗ್ಲಿಷ್ ಬರತಿತ್ತು ಅಂತ ಅದನ್ನ ಓಣಿಗೆ ತಿಳಿಸಿ ಹೇಳಾಕಿ ನಾನ. "ನಿನ್ನಿ ಬ್ರೆಡ್ ತಿನ್ನೋ ಮಂದಿಗೆ ನಿನ್ನಿ ನೀರಿಂದೇನು ಗೊತ್ತು" ಅಂತ ಅವ್ವ ಚೆಲ್ಲೇ ಚೆಲ್ಲತಿದ್ಲು.

ಸುಳ್ಳ್ಯಾಕ ಹೇಳ್ಲಿ, ನಮ್ಮ ಸೊಂಟ ಉಳೀತು. ಆದ್ರ ಗ್ವಾಡಿ ಬಡಿಯೋ ಕಾರಣ ಹೋತು. ಅವ್ವ ತೀರಿಕೊಂಡ ಮ್ಯಾಲಂತೂ ಕಾಕು ಕಟ್ಟಿಗೆ ಬರೂದ ಬಿಟ್ಲು. ಬಾಗಿಲಾ ತಟ್ಟಿದ್ರ "ಆರಾಮ ಅದೀನವಾ" ಅಂದು ಒಳಗ ಹೋಗಾಕಿ. ನಡುವ ಒಂದ ಗ್ವಾಡಿ. ಅವ್ವನ್ನ ಬಲ್ಲಾಕಿ ಆಕಿ ಒಬ್ಬಾಕಿನ ಉಳದಿದ್ಲು, ಆಕಿ ಕೂಡ ಕುಂತು ಮಾತಾಡಬೇಕಂತ ನನ್ನ ಜೀವ ಹಪಹಪಿಸತಿತ್ತು.

ಈಗ ಕಾಲಾ ತಿರಗೇತಿ. ಕಲಿಸಾಕ ಬರೋ ಮಂದಿ ಹೋಗಿ ಕಲಿಯಾಕ ಬರೋ ಮಂದಿ ಬರಾಕತ್ತಾರ. ಮೊನ್ನಿ ಆಫ್ರಿಕಾದ ಯಾವುದೋ ಊರಿಗೆ ನೀರು ಬಿಡೋ ಇಲಾಖೆಯ ಹೆಣ್ಮಗಳು ನಮ್ಮ ಪಡಸಾಲ್ಯಾಗ ಕುಂತು ಚಹಾ ಕುಡದ್ಲು. ಗ್ವಾಡಿ ಕತಿ ಹೇಳಿದೆ. ತಮ್ಮೂರಾಗ ಡಬ್ಬಿ ಬಡೀತಾರ ಅಂತ ನಕ್ಕು, ನಿಮ್ಮವ್ವ ಹೆಂಗ ಬಡೀತಿದ್ರು ತೋರಸ್ರಿ ಅಂದ್ಲು. ಲಟ್ಟಣಿಗಿ ತಂದೆ, ಆದ್ರ ನನಗ ಕೈ ಏಳಲಿಲ್ಲ. ಬಾಯಿಲೆ ಹೇಳಿದೆ. ಆಕೀನ ಇಸಗೊಂಡು ಬಡದ್ಲು. ಎರಡು ಸಲ, ತಡದು, ಮತ್ತೊಮ್ಮೆ.

ಸ್ವಲ್ಪ ಹೊತ್ತಿಗೆ ಬಾಗಲದಾಗ ಕಾಕು. ಕೈಯಾಗ ಖಾಲಿ ಕೊಡಾ. ಆಕಿ ಮನ್ಯಾಗೂ ನಳದ ತುಂಬ ನೀರೈತಿ. ನಮ್ಮನ್ನ ನೋಡಿ, ಕೊಡಾ ನೋಡಿ, ನಾಚಿಕೊಂಡ್ಲು.

"ನಿಮ್ಮವ್ವ ಕರದಂಗಾತು. ಎದ್ದು ಬಂದಬಿಟ್ಟೆ."

ಕೊಡಾ ಇಸಗೊಂಡು ನಮ್ಮ ನಳಕ್ಕ ಹಿಡದೆ. ತುಂಬೋತನಕ ಕಾಕು ಕಟ್ಟಿಮ್ಯಾಗ ಕುಂತ್ಲು, ಅವ್ವನ ಸುದ್ದಿ ತಗದ್ಲು. ನಾ ನಳಾ ಸಣ್ಣಗ ಬಿಟ್ಟಿದ್ದೆ.